ಅಂಗಳದಿಂದಾಚೆ ಕರೆಯುವ ಕ್ಯಾಮೆರಾ ವ್ಯಾಪಾರ

ಹನೂರು ತಾಲ್ಲೂಕಿನ ರಾಮಾಪುರದಲ್ಲಿ ಫೋಟೊ ತೆಗೆಯುವವರಿಗೆ ಕೆಲಸಕ್ಕೆ ಬರವಿಲ್ಲ. ಮದುವೆ, ಗೃಹಪ್ರವೇಶ, ನಾಮಕರಣಗಳು ಇದ್ದೇ ಇವೆ. ಶಿವರಾತ್ರಿ, ಯುಗಾದಿ, ದೀಪಾವಳಿಗೆ ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಬೆಟ್ಟದ ಜಾತ್ರೆ, ಚಂದ್ರಮಂಡಲದ ಆಚರಣೆಯಿಂದ ಶುರುವಾಗುವ ಚಿಕ್ಕಲ್ಲೂರು ಜಾತ್ರೆ. ಕ್ಯಾಮೆರಾಕ್ಕೆ ಮೇವಾಗಲು ಸುತ್ತಲೂ ಕಾಡು. 2013ರಲ್ಲಿ ವನ್ಯಜೀವಿಧಾಮವಾದ ಮಲೆ ಮಹದೇಶ್ವರ ಬೆಟ್ಟ ಒಂದು ಕಡೆ, ಕಾವೇರಿ ವನ್ಯಜೀವಿಧಾಮ ಇನ್ನೊಂದು ಕಡೆ, ಪಶ್ಚಿಮಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು. ಮೊಬೈಲ್‌ನಲ್ಲಿ ಫೋಟೊ ತೆಗೆದು ಕೈ ಪಳಗಿದ ಹುಡುಗರು ಇಲ್ಲಿ ಬೇಕಾದಷ್ಟಿದ್ದಾರೆ. ಅವರ ಬಳಿ ಇಲ್ಲದ್ದು ಕ್ಯಾಮೆರಾ. ಒಳ್ಳೆಯ ಬಾಡಿ, ಒಂದು ಲೆನ್ಸು, ಫ್ಲ್ಯಾಶು ಸೇರಿದರೆ ಹೊಸದಕ್ಕೆ ಲಕ್ಷ ದಾಟುವ ಮಾತು.

ಆದ್ದರಿಂದ ಸೆಕೆಂಡ್ ಹ್ಯಾಂಡ್. ಅದಕ್ಕೆ ಇದು ಒಳ್ಳೆಯ ಕಾಲವೂ ಹೌದು. 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ಎರಡೂ ಕಂಪನಿಗಳು ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ತಂದ ಮೇಲೆ ಪಟ್ಟಣದ ಸ್ಟುಡಿಯೋದವರು ಒಬ್ಬೊಬ್ಬರಾಗಿ ಅತ್ತ ಹೊರಳಿದರು. ಅವರು ಕೈಬಿಟ್ಟ ಡಿಎಸ್‌ಎಲ್‌ಆರ್‌ಗಳು ಮಾರಾಟಕ್ಕೆ ಬಂದವು. ಮದುವೆ ಮನೆಯ ಕೆಲಸಕ್ಕೆ ಅವು ಇವತ್ತಿಗೂ ಧಾರಾಳ ಸಾಕು. ತೊಡಕು ದೂರದ್ದು. ರಾಮಾಪುರದಿಂದ ಮೈಸೂರಿಗೆ ಹೋಗಿ, ಅಂಗಡಿ ಸುತ್ತಿ, ಕೊಳ್ಳೇಗಾಲದ ಮೇಲೆ ವಾಪಸ್ ಬರುವುದೆಂದರೆ ಇಡೀ ದಿನದ ಕೆಲಸ. ಬೆಂಗಳೂರಾದರೆ ಇನ್ನೂ ದೂರ. ಹಾಗಾಗಿ ಹುಡುಕಾಟ ಫೋನಿನಲ್ಲೇ ನಡೆಯುತ್ತದೆ, ಮೋಸಗಾರ ಅಲ್ಲಿಯೇ ಕಾದಿರುತ್ತಾನೆ. ಅವನ ನಿಜವಾದ ಬಂಡವಾಳ ಈ ದೂರ.

ಹರಾಜು ಎಂಬುದು ನಮ್ಮ ಸೀಮೆಗೆ ಹೊಸದಲ್ಲ. ರೇಷ್ಮೆಗೂಡು ಬೆಳೆಯುವ ಯಾವ ಮನೆಯವರನ್ನು ಕೇಳಿದರೂ ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಯ ಕ್ರಮ ಹೇಳುತ್ತಾರೆ. ಗೂಡು ಕಣ್ಣೆದುರೇ ಹರಡಿರುತ್ತದೆ. ಗೂಡಿನಿಂದ ನೂಲು ತೆಗೆಯುವ ರೀಲರುಗಳು ಅದನ್ನು ಕೈಯಲ್ಲಿ ಹಿಡಿದು, ಅದುಮಿ, ಕಿವಿಯ ಹತ್ತಿರ ಅಲುಗಾಡಿಸಿ ನೋಡಿಯೇ ಬೆಲೆ ಕೂಗುತ್ತಾರೆ. ಈಗ ಎಷ್ಟೋ ಮಾರುಕಟ್ಟೆಗಳಲ್ಲಿ ಕೂಗುವ ಬದಲು ಮೊಬೈಲ್‌ನಲ್ಲಿ ಬಿಡ್ ಹಾಕುತ್ತಾರೆ, ಆದರೂ ಗೂಡು ಮುಂದೆಯೇ ಇರುತ್ತದೆ. ಕೊಳ್ಳುವವರಿಗೆ ಲೈಸೆನ್ಸ್ ಬೇಕು. ತೂಕ ಮಾರುಕಟ್ಟೆಯದ್ದು, ಲೆಕ್ಕ ಮಾರುಕಟ್ಟೆಯದ್ದು. ರೇಷ್ಮೆ ಬಿತ್ತನೆ, ಗೂಡು ಮತ್ತು ನೂಲಿನ ವ್ಯಾಪಾರವನ್ನು ನಿಯಂತ್ರಿಸುವ 1959ರ ಕಾಯ್ದೆ ಗೂಡಿನ ವಹಿವಾಟು ಮಾರುಕಟ್ಟೆಯೊಳಗೇ ನಡೆಯಬೇಕು ಎನ್ನುತ್ತದೆ. ಅಂಗಳದ ಹೊರಗೆ, ದಾರಿಯಲ್ಲಿ ಅಡ್ಡಹಾಕಿ ಗೂಡು ಕೊಳ್ಳುವವನು ರೈತನಿಗೆ ತೂಕದಲ್ಲೋ ದರದಲ್ಲೋ ಟೋಪಿ ಹಾಕುತ್ತಾನೆ ಎಂಬುದು ಅನುಭವದಿಂದ ಕಂಡುಕೊಂಡ ಸತ್ಯ. ಕಾನೂನು ಬಂದದ್ದು ಆಮೇಲೆ.

ಆನ್‌ಲೈನ್ ಹರಾಜಿಗೂ ಇದೇ ಮಾತು ಸಲ್ಲುತ್ತದೆ. ಮಾಲು ಕಾಣಬೇಕು, ಆಳು ಗೊತ್ತಿರಬೇಕು, ದುಡ್ಡನ್ನು ನಡುವೆ ಯಾರಾದರೂ ಹಿಡಿದಿರಬೇಕು. ಕ್ಯಾಮೆರಾ ಮೋಸದ ಕಥೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರೆ, ಈ ಮೂರೂ ಇರುವ ಅಂಗಳದಿಂದ ಕೊಳ್ಳುವವರನ್ನು ಉಪಾಯವಾಗಿ ಹೊರಗೆ ಕರೆದೊಯ್ಯುವುದೇ ಎಲ್ಲದರ ತಿರುಳು.

ಭಾರತದಲ್ಲಿ ಅಂಥ ಅಂಗಳವೊಂದು ಇತ್ತು. 2000ದಲ್ಲಿ ಶುರುವಾದ ಬಾಜಿ ಡಾಟ್ ಕಾಮ್ ಅನ್ನು 2004ರಲ್ಲಿ ಅಮೆರಿಕದ ಇಬೇ ಕೊಂಡು ಇಬೇ ಇಂಡಿಯಾ ಮಾಡಿತು. ಅದರ ಪೈಸಾಪೇ ವ್ಯವಸ್ಥೆಯಲ್ಲಿ ಕೊಳ್ಳುವವರ ಹಣ ನೇರ ಮಾರುವವರ ಕೈಗೆ ಹೋಗುತ್ತಿರಲಿಲ್ಲ. ಮಾಲು ತಲುಪುವವರೆಗೆ ಇಬೇ ಅದನ್ನು ಹಿಡಿದಿಡುತ್ತಿತ್ತು. ಹಳೆಯ ಫಿಲ್ಮ್ ಕ್ಯಾಮೆರಾ, ಲೆನ್ಸು ಹುಡುಕುವವರಿಗೆ ಅದು ನೆಚ್ಚಿನ ಜಾಗವಾಗಿತ್ತು. 2017ರಲ್ಲಿ ಇಬೇ ಇಂಡಿಯಾ ಫ್ಲಿಪ್‌ಕಾರ್ಟ್ ಪಾಲಾಯಿತು, 2018ರ ಆಗಸ್ಟ್ 14ರಂದು ಮುಚ್ಚಿತು. ಹಳೆಯ ಸಾಮಾನಿನ ವ್ಯಾಪಾರ ಮಾತ್ರ ನಿಲ್ಲಲಿಲ್ಲ. ಅದು ಓಎಲ್‌ಎಕ್ಸ್‌ಗೆ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ಗೆ, ವಾಟ್ಸ್ಆ್ಯಪ್ ಗುಂಪುಗಳಿಗೆ ಹರಿಯಿತು. ಅಲ್ಲಿ ಫೋಟೊ ಹಾಕಿ ‘ಯಾರು ಎಷ್ಟಕ್ಕೆ ಕೇಳ್ತೀರಿ’ ಎನ್ನುತ್ತಾರೆ, ಕೆಳಗೆ ಬೆಲೆ ಏರುತ್ತದೆ. ಹರಾಜಿನ ಹುರುಪು ಹಾಗೆಯೇ ಉಳಿದಿದೆ. ದುಡ್ಡು ಹಿಡಿದಿಡುತ್ತಿದ್ದ ಕೈ ಇಲ್ಲ. ಯುಪಿಐ ಬಂದ ಮೇಲಂತೂ ಕೇರಿಯ ಅಂಗಡಿಯಲ್ಲಿ ಹಾಲಿಗೆ ಕೊಟ್ಟಷ್ಟೇ ಸಲೀಸಾಗಿ ಗುರುತಿಲ್ಲದವರಿಗೆ ಇಪ್ಪತ್ತು ಸಾವಿರ ಹೋಗಿಬಿಡುತ್ತದೆ. ಹೋದದ್ದನ್ನು ವಾಪಸ್ ತರುವುದು ಅಷ್ಟು ಸಲೀಸಲ್ಲ.

ರಾಮಾಪುರದ ಹುಡುಗನೊಬ್ಬ ಕ್ಯಾಮೆರಾ ಹುಡುಕುತ್ತಿದ್ದಾನೆ ಎಂದಿಟ್ಟುಕೊಳ್ಳಿ. ಅವ್ವ ಸಂಘದಲ್ಲಿ ಎತ್ತಿಕೊಟ್ಟ ಸಾಲದ ದುಡ್ಡು ಖಾತೆಯಲ್ಲಿದೆ. ನಲವತ್ತು ಸಾವಿರ ಬಾಳುವ ಕ್ಯಾಮೆರಾ ಹದಿನೆಂಟು ಸಾವಿರಕ್ಕೆ ಕಾಣಿಸುತ್ತದೆ, ಊರು ಮೈಸೂರು ಅಂತಿದೆ. ಮೆಸೇಜ್ ಹಾಕಿದ ಐದೇ ನಿಮಿಷಕ್ಕೆ ಉತ್ತರ: ‘ಸರ್, ವಾಟ್ಸ್ಆ್ಯಪ್‌ಗೆ ಬನ್ನಿ.’ ಅಂಗಳದಿಂದ ಹೊರಗಿಟ್ಟ ಮೊದಲ ಹೆಜ್ಜೆ ಅದು. ಆಮೇಲೆ ಪರಿಚಯ: ‘ನಾನು ಸೈನ್ಯದಲ್ಲಿದ್ದೀನಿ, ಜಮ್ಮುಗೆ ಟ್ರಾನ್ಸ್‌ಫರ್ ಆಗಿದೆ, ಸಾಮಾನು ಒಯ್ಯೋಕಾಗಲ್ಲ, ಅದಕ್ಕೇ ಕಡಿಮೆಗೆ ಕೊಡ್ತಿದ್ದೀನಿ.’ ಜೊತೆಗೆ ಸಮವಸ್ತ್ರದ ಫೋಟೊ, ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡು, ಆಧಾರ್. ಹುಡುಗ ‘ನಾನೇ ಬಂದು ನೋಡ್ತೀನಿ’ ಎಂದರೆ, ‘ಕ್ಯಾಂಪ್ ಒಳಗೆ ಸಿವಿಲಿಯನ್ನರನ್ನು ಬಿಡೋದಿಲ್ಲ, ಆರ್ಮಿ ಕೊರಿಯರ್‌ನಲ್ಲಿ ಮನೆಗೇ ಕಳಿಸ್ತೀನಿ, ಕ್ಯಾಮೆರಾ ಕೈಗೆ ಬಂದ ಮೇಲೆ ದುಡ್ಡು ಕೊಡಿ’ ಎನ್ನುತ್ತಾನೆ.

ಕೊನೆಯ ಆ ಒಂದು ಮಾತಿಗೆ ಎಷ್ಟೋ ಜನ ಸೋತಿದ್ದಾರೆ. ಆಮೇಲೆ ಕೊಟ್ಟರಾಯಿತು ಎಂದಾಗ ಎಚ್ಚರ ಸಡಿಲವಾಗುತ್ತದೆ. ಮರುದಿನ ಪಟ್ಟಿ ಕಟ್ಟಿದ ಪೆಟ್ಟಿಗೆಯ ಚಿತ್ರ, ಅದರ ಮೇಲೆ ಹುಡುಗನದೇ ಹೆಸರು, ರಸೀದಿ. ಕೊರಿಯರ್‌ನವನ ಸೋಗಿನಲ್ಲಿ ಇನ್ನೊಬ್ಬನ ಫೋನು: ಸಾಗಣೆಗೆ ಒಂದೂವರೆ ಸಾವಿರ ಹಾಕಿ. ಹಾಕಿದ ಮೇಲೆ ಗೇಟ್ ಪಾಸ್‌ಗೆ ಮೂರು ಸಾವಿರ. ಆಮೇಲೆ ಜಿಎಸ್‌ಟಿ. ಆಮೇಲೆ ವಾಪಸ್ ಬರುವ ಠೇವಣಿ. ‘ಗಾಡಿ ಹನೂರಿಗೆ ಬಂದಿದೆ, ಹತ್ತು ನಿಮಿಷದಲ್ಲಿ ಪೇಮೆಂಟ್ ಆಗದಿದ್ದರೆ ವಾಪಸ್ ಹೋಗುತ್ತೆ.’ ಕೊಟ್ಟದ್ದು ಕೈಬಿಟ್ಟು ಹೋಗುತ್ತದಲ್ಲ ಎಂಬ ಸಂಕಟವೇ ಮುಂದಿನ ಕಂತನ್ನು ಕಟ್ಟಿಸುತ್ತದೆ. ಹದಿನೆಂಟು ಸಾವಿರದ ಕ್ಯಾಮೆರಾಕ್ಕೆ ಮೂವತ್ತು ಸಾವಿರ ಕಳೆದುಕೊಳ್ಳುವುದು ಹೀಗೆ. ಓದಿದವರು, ನೌಕರಿಯಲ್ಲಿರುವವರು, ಬೆಂಗಳೂರಿನ ಟೆಕ್ಕಿಗಳೂ ಇದರಲ್ಲಿ ಬಿದ್ದಿದ್ದಾರೆ. ಬಿದ್ದವರನ್ನು ದಡ್ಡರೆಂದು ಹಂಗಿಸುವುದು ಅನ್ಯಾಯ. ಹಾಗೆ ಹಂಗಿಸುವುದರಿಂದಲೇ ಎಷ್ಟೋ ಹುಡುಗರು ಮನೆಯಲ್ಲೂ ಹೇಳದೆ, ಠಾಣೆಗೂ ಹೋಗದೆ ಒಳಗೊಳಗೇ ಬೇಯುತ್ತಾರೆ.

ಸೈನ್ಯ ಯಾರದ್ದೋ ಖಾಸಗಿ ಮಾರಾಟದ ಸಾಮಾನನ್ನು ಮನೆಗೆ ಮುಟ್ಟಿಸುವ ಕೊರಿಯರ್ ನಡೆಸುವುದಿಲ್ಲ. ಆ ಗುರುತಿನ ಚೀಟಿ ತಿದ್ದಿದ್ದು, ಇಲ್ಲವೇ ಇನ್ನಾವನೋ ನಿಜವಾದ ಯೋಧನಿಂದ ಕದ್ದದ್ದು. ಈ ಆಟದ ಗುಂಪುಗಳು ರಾಜಸ್ಥಾನದ ಭರತ್‌ಪುರ, ಹರಿಯಾಣದ ನೂಹ್ ಸುತ್ತಲಿನ ಮೇವಾತ್ ಪ್ರದೇಶದಿಂದ ಕೆಲಸ ಮಾಡುವುದನ್ನು ಹಲವು ರಾಜ್ಯಗಳ ಪೊಲೀಸರು ಪತ್ತೆಹಚ್ಚಿದ್ದಾರೆ. 2023ರ ಏಪ್ರಿಲ್‌ನಲ್ಲಿ ಹರಿಯಾಣ ಪೊಲೀಸರು ನೂಹ್ ಜಿಲ್ಲೆಯ 14 ಹಳ್ಳಿಗಳ ಮೇಲೆ ಏಕಕಾಲಕ್ಕೆ ದಾಳಿ ಮಾಡಿದ್ದು ಇಂಥ ಜಾಲಕ್ಕಾಗಿಯೇ. ಹಣ ಹೋಗುವ ಖಾತೆ ಮೂರನೆಯವರದು, ಸಿಮ್ ನಾಲ್ಕನೆಯವರದು. ಆದ್ದರಿಂದ ದುಡ್ಡು ಕಳಿಸುವ ಮೊದಲು ತೆರೆಯ ಮೇಲೆ ಬರುವ ಹೆಸರನ್ನು ಓದಿ. 2025ರ ಜೂನ್ ಕೊನೆಯಿಂದ ಯುಪಿಐ ಆ್ಯಪ್‌ಗಳು ಬ್ಯಾಂಕಿನಲ್ಲಿ ದಾಖಲಾದ ಹೆಸರನ್ನೇ ತೋರಿಸಬೇಕೆಂಬ ನಿಯಮವಿದೆ. ಆಧಾರ್ ಕಳಿಸಿದವನ ಹೆಸರು ಒಂದು, ಖಾತೆಯ ಹೆಸರು ಇನ್ನೊಂದಾದರೆ ಅಲ್ಲಿಗೇ ನಿಲ್ಲಿಸಿ. ‘ಅದು ನಮ್ಮ ಅಕೌಂಟೆಂಟ್‌ದು’ ಎಂಬ ಸಮಜಾಯಿಷಿಗೆ ಕಿವಿಗೊಡಬೇಡಿ.

ಎದುರಿನವನ ಬಳಿ ಕ್ಯಾಮೆರಾ ಇದೆಯೋ ಇಲ್ಲವೋ ಎಂಬುದನ್ನು ಕ್ಯಾಮೆರಾದ ಕೈಯಲ್ಲೇ ಹೇಳಿಸಬಹುದು. ಇದು ಬೈಕ್ ಕೊಳ್ಳುವವರಿಗಿಲ್ಲದ ಅನುಕೂಲ, ಫೋಟೊಗ್ರಾಫರುಗಳೇ ಇದನ್ನು ಮರೆಯುವುದು ನನಗೆ ಬೇಸರದ ಸಂಗತಿ. ಜಾಹೀರಾತಿನ ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಹಾಕಿದರೆ ಅದೇ ಚಿತ್ರ ಬೇರೆ ಊರಿನ, ಬೇರೆ ದೇಶದ ಜಾಹೀರಾತಿನಲ್ಲೂ ಇದೆಯೇ ಎಂಬುದು ತಿಳಿಯುತ್ತದೆ. ಅದಾದ ಮೇಲೆ ಮಾರುವವನನ್ನು ಒಂದು ಕೆಲಸ ಕೇಳಿ: ಇವತ್ತಿನ ತಾರೀಕು ಮತ್ತು ನಿಮ್ಮ ಹೆಸರು ಬರೆದ ಚೀಟಿಯನ್ನು ಅದೇ ಕ್ಯಾಮೆರಾದಲ್ಲಿ ತೆಗೆದು, ಆ ಜೆಪೆಗ್ ಫೈಲನ್ನು ತಿದ್ದದೆ ಕಳಿಸಲಿ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಫೈಲಿನೊಳಗಿನ ಮಾಹಿತಿ ಅಳಿಸಿಹೋಗುತ್ತದೆ, ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಉಳಿಯುತ್ತದೆ. ಎಕ್ಸಿಫ್ ಎಂದು ಕರೆಯುವ ಆ ಮಾಹಿತಿಯಲ್ಲಿ ಕ್ಯಾಮೆರಾದ ಮಾಡೆಲ್, ತೆಗೆದ ದಿನ, ಗಂಟೆ, ಲೆನ್ಸು, ಎಷ್ಟೋ ಮಾಡೆಲ್‌ಗಳಲ್ಲಿ ಬಾಡಿಯ ಸೀರಿಯಲ್ ನಂಬರ್ ಕೂಡ ಇರುತ್ತದೆ. ಆ ನಂಬರು ಕ್ಯಾಮೆರಾದ ತಳದಲ್ಲಿರುವುದಕ್ಕೂ ಪೆಟ್ಟಿಗೆಗೂ ಬಿಲ್ಲಿಗೂ ತಾಳೆಯಾಗಬೇಕು. ನಿಕಾನ್ ಡಿಎಸ್‌ಎಲ್‌ಆರ್ ಆದರೆ ಅದೇ ಫೈಲಿನಲ್ಲಿ ಶಟರ್ ಎಷ್ಟು ಸಲ ಬಡಿದಿದೆ ಎಂಬ ಲೆಕ್ಕವೂ ಸಿಗುತ್ತದೆ. ಹಳೆಯ ಕ್ಯಾನನ್‌ಗಳ ಫೈಲಿನಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ, ಬೇರೆ ಸಾಫ್ಟ್‌ವೇರ್ ಅಥವಾ ಸರ್ವೀಸ್ ಸೆಂಟರ್ ಬೇಕು. ನಿಕಾನ್ ಡಿ750ರ ಶಟರನ್ನು ಕಂಪನಿ 1,50,000 ಸಲಕ್ಕೆ, ಡಿ850ರದ್ದನ್ನು 2,00,000 ಸಲಕ್ಕೆ ಪರೀಕ್ಷಿಸಿದೆ. ಒಂದು ಮದುವೆಗೆ ಎರಡು–ಮೂರು ಸಾವಿರ ಕ್ಲಿಕ್ ಆಗುವ ಕಾಲದಲ್ಲಿ ‘ಎರಡೇ ವರ್ಷ ಬಳಸಿದ್ದು’ ಎಂಬ ಮಾತಿಗೆ ಅರ್ಥವಿಲ್ಲ, ಎಷ್ಟು ಕ್ಲಿಕ್ ಎಂಬುದಕ್ಕೆ ಇದೆ.

ಕ್ಯಾಮೆರಾ ಇಲ್ಲದವನಿಗೆ ಇದೊಂದನ್ನೂ ಮಾಡಿ ತೋರಿಸಲಾಗುವುದಿಲ್ಲ. ನೆಟ್‌ವರ್ಕ್ ಇಲ್ಲ, ಬ್ಯಾಟರಿ ಚಾರ್ಜ್ ಇಲ್ಲ, ಡ್ಯೂಟಿಯಲ್ಲಿದ್ದೀನಿ ಎಂದು ಜಾರಿಕೊಳ್ಳುತ್ತಾನೆ, ಆಮೇಲೆ ಸಿಟ್ಟಾಗುತ್ತಾನೆ. ‘ನಂಬಿಕೆ ಇಲ್ಲದಿದ್ದರೆ ಬಿಡಿ, ಇನ್ನೊಬ್ಬರು ಅಡ್ವಾನ್ಸ್ ಹಾಕೋಕೆ ರೆಡಿ ಇದ್ದಾರೆ.’ ಬಿಟ್ಟುಬಿಡಿ.

ಬಿಲ್ ಇದೆ ಎಂದು ತೋರಿಸಿದರೆ ಅದನ್ನೂ ಓದಿ. ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ–ಅಂಕಿಗಳಿರುತ್ತವೆ, ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮೈಸೂರಿನ ಅಂಗಡಿಯ ಬಿಲ್ಲಿನಲ್ಲಿ ಬೇರೆ ಸಂಖ್ಯೆಯಿಂದ ಶುರುವಾಗಿದ್ದರೆ ಅನುಮಾನಿಸಲೇಬೇಕು. ಜಿಎಸ್‌ಟಿ ಜಾಲತಾಣದಲ್ಲಿ ಆ ನಂಬರ್ ಹಾಕಿದರೆ ಯಾವ ಹೆಸರಿನ ಅಂಗಡಿ, ಇನ್ನೂ ಚಾಲ್ತಿಯಲ್ಲಿದೆಯೇ ಎಂಬುದು ಯಾರಿಗೂ ಕಾಣುತ್ತದೆ. ಒಂದು ಕಾಸಿನ ಖರ್ಚಿಲ್ಲ.

ಹರಾಜಿನದೇ ಆದ ಮೋಸಗಳೂ ಇವೆ. ವಿದೇಶದ ಇಬೇಯಲ್ಲಿ ಇವತ್ತಿಗೂ ಭಾರತದಿಂದ ಬಿಡ್ ಹಾಕಬಹುದು. ಜಪಾನಿನ ಹಳೆಯ ಲೆನ್ಸುಗಳಿಗಾಗಿ ಅಲ್ಲಿಗೆ ಹೋಗುವ ಕನ್ನಡಿಗರಿದ್ದಾರೆ, ಅಮೆರಿಕದಲ್ಲಿರುವ ಅಣ್ಣನೋ ಅಕ್ಕನೋ ಬರುವಾಗ ತರಲಿ ಎಂದು ಅಲ್ಲಿಯ ವಿಳಾಸಕ್ಕೆ ತರಿಸುವವರೂ ಇದ್ದಾರೆ. ಅಲ್ಲಿ ಮಾರುವವನ ಗೆಳೆಯರೇ ಸುಳ್ಳು ಹೆಸರಿನಲ್ಲಿ ಬೆಲೆ ಏರಿಸುವುದುಂಟು. ಜಾತ್ರೆಯ ಅಂಗಡಿಯ ಮುಂದೆ ನಿಂತು ‘ನನಗೊಂದು ಕೊಡಿ’ ಎನ್ನುವ ಬಾಡಿಗೆ ಗಿರಾಕಿಗಳ ಕೆಲಸವೇ ಅದು. ಬಿಡ್‌ಗಳ ಚರಿತ್ರೆ ತೆರೆದು ನೋಡಿದಾಗ, ಹೆಚ್ಚೇನೂ ಕೊಂಡಿರದ ಒಂದೇ ಖಾತೆ ಮತ್ತೆ ಮತ್ತೆ ಅದೇ ಮಾರಾಟಗಾರನ ಮಾಲಿಗೇ ಬಿಡ್ ಹಾಕಿದ್ದು ಕಂಡರೆ ದೂರ ಸರಿಯಿರಿ. ಎಷ್ಟರವರೆಗೆ ಹೋಗುತ್ತೀರೆಂದು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಹುರುಪಿನಲ್ಲಿ ಕೈ ಜಾರುವುದಿಲ್ಲ.

ಹಳೆಯ ಒಳ್ಳೆಯ ಖಾತೆಗಳನ್ನು ಕದಿಯುವುದು ಇನ್ನೊಂದು ದಾರಿ. ಐದಾರು ವರ್ಷಗಳ ಹಿಂದೆ ಮೊಬೈಲ್ ಕವರು, ಪುಸ್ತಕ ಮಾರಿ ಒಳ್ಳೆಯ ಹೆಸರು ಪಡೆದ ಖಾತೆ, ನಡುವೆ ಸದ್ದಿಲ್ಲ, ಈಗ ಒಮ್ಮೆಲೇ ಹತ್ತು ದುಬಾರಿ ಕ್ಯಾಮೆರಾ, ಎಲ್ಲವೂ ಅರ್ಧ ಬೆಲೆಗೆ. ಆ ಹೊಗಳಿಕೆಗಳು ಯಾವ ಕಾಲದವು, ಯಾವ ಸಾಮಾನಿಗೆ ಬಂದವು ಎಂದು ನೋಡದೆ ನೂರಕ್ಕೆ ನೂರು ಅಂಕ ಕಂಡು ನಂಬಿದರೆ ಕೆಟ್ಟೆವು. ವಿವರಣೆಯ ಕೊನೆಯ ಸಾಲಿನವರೆಗೂ ಓದಿ. ಕ್ಯಾಮೆರಾದ ಚಿತ್ರ ಹಾಕಿ, ಕೆಳಗೆ ಸಣ್ಣ ಅಕ್ಷರದಲ್ಲಿ ‘ಪೆಟ್ಟಿಗೆ ಮಾತ್ರ’ ಎಂದು ಬರೆದು ಖಾಲಿ ಪೆಟ್ಟಿಗೆ ಮಾರಿದವರಿದ್ದಾರೆ. ‘ಪರೀಕ್ಷಿಸಿಲ್ಲ’, ‘ಬಿಡಿಭಾಗಕ್ಕೆ’ ಎಂದಿದ್ದರೆ ಕೆಟ್ಟಿದೆ ಎಂದೇ ತಿಳಿಯಿರಿ.

ಹರಾಜಿನಲ್ಲಿ ಸೋತವರಿಗೂ ಬಲೆಯಿದೆ. ‘ಗೆದ್ದವರು ಹಿಂದೆ ಸರಿದರು, ನಿಮ್ಮ ಬೆಲೆಗೇ ಕೊಡುತ್ತೇವೆ, ಈ ಖಾತೆಗೆ ಹಣ ಹಾಕಿ’ ಎಂಬ ಇಮೇಲ್. ಇಬೇ ನಿಜವಾಗಿ ಅಂಥ ಅವಕಾಶ ಕೊಟ್ಟರೆ ಅದು ನಿಮ್ಮ ಇಬೇ ಖಾತೆಯೊಳಗೇ ಕಾಣುತ್ತದೆ, ಪಾವತಿಯೂ ಅಲ್ಲಿಯೇ. ಹೊರಗೆ ಹಣ ಕಟ್ಟಿದವರಿಗೆ ಇಬೇಯ ಹಣ ವಾಪಸಾತಿ ಭರವಸೆ ಅನ್ವಯಿಸುವುದಿಲ್ಲ. ಒಳಗೆ ಕಟ್ಟಿದವರು ಮಾಲು ಬಂದ, ಅಥವಾ ಬರಬೇಕಿದ್ದ ಕೊನೆಯ ದಿನದಿಂದ 30 ದಿನಗಳೊಳಗೆ ದೂರು ಹಾಕಬೇಕು. ಕೆಲವರು ‘ಇನ್ನೆರಡು ವಾರ ಕಾಯಿರಿ’ ಎಂದು ಪುಸಲಾಯಿಸುವುದು ಆ ಮೂವತ್ತು ದಿನಗಳನ್ನು ಕಳೆಯಲಿಕ್ಕೆ.

ವಿದೇಶದ ಪಾರ್ಸೆಲ್ ಹೆಸರಿನಲ್ಲಿ ‘ದಿಲ್ಲಿ ಏರ್‌ಪೋರ್ಟ್ ಕಸ್ಟಮ್ಸ್‌ನಿಂದ’ ಎಂದು ಬರುವ ಕರೆಯೂ ಹಳೆಯ ಹೂಟವೇ. ಕಸ್ಟಮ್ಸ್ ಅಧಿಕಾರಿಗಳು ಫೋನ್ ಮಾಡಿ ಖಾಸಗಿ ಖಾತೆಗೆ ಸುಂಕ ಹಾಕಿಸಿಕೊಳ್ಳುವುದಿಲ್ಲ. ಅವರ ಅಧಿಕೃತ ಪತ್ರಗಳಿಗೆ ದಾಖಲೆಯ ಗುರುತು ಸಂಖ್ಯೆಯೊಂದಿರುತ್ತದೆ, ಅದು ನಿಜವೋ ಸುಳ್ಳೋ ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ ಜಾಲತಾಣದಲ್ಲಿ ನೋಡಬಹುದು.

ಅಷ್ಟೆಲ್ಲ ಆದ ಮೇಲೂ ಕಣ್ಣಾರೆ ನೋಡಿ ಕೊಳ್ಳುವುದಕ್ಕೆ ಸಮನಾದದ್ದಿಲ್ಲ. ಒಂದು ದಿನದ ಕೆಲಸ, ಬಸ್ ಚಾರ್ಜು, ಊಟ ಸೇರಿ ಸಾವಿರ ರೂಪಾಯಿ ಹೋಗಲಿ. ಹನೂರು, ಕೌದಳ್ಳಿ, ರಾಮಾಪುರದ ಇಬ್ಬರು ಮೂವರು ಜೊತೆಗೂಡಿ, ಹತ್ತು ವರ್ಷ ಸ್ಟುಡಿಯೋ ನಡೆಸಿದ ಅಣ್ಣ ಯಾರಾದರೂ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಕತ್ತಲಾದ ಮೇಲೆ ಭೇಟಿ ಬೇಡ, ಹಗಲಲ್ಲಿ ಜನ ಇರುವ ಜಾಗದಲ್ಲಿ, ಸಾಧ್ಯವಾದರೆ ಅವರ ಸ್ಟುಡಿಯೋ ಅಥವಾ ಮನೆಯಲ್ಲೇ ಆಗಲಿ. ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ಲೆನ್ಸಿನ ಅಪರ್ಚರ್ ಪೂರ್ತಿ ತೆರೆದು ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದಾಗ ಜೇಡರಬಲೆಯಂಥ ಬಿಳಿ ಎಳೆ ಕಂಡರೆ ಅದು ಫಂಗಸ್. ಮಳೆಗಾಲದಲ್ಲಿ ಬ್ಯಾಗಿನೊಳಗೇ ಇಟ್ಟ ಲೆನ್ಸುಗಳಿಗೆ ಹತ್ತುವುದು ಇದೇ, ತೆಗೆಸಲು ಖರ್ಚು, ಪೂರ್ತಿ ಹೋಗುವ ಖಾತರಿಯಿಲ್ಲ. ಆಮೇಲೆ ಅಪರ್ಚರನ್ನು ಎಫ್16ಕ್ಕೆ ಇಟ್ಟು ಬಿಳಿ ಗೋಡೆ ಅಥವಾ ಆಕಾಶದ ಚಿತ್ರ ತೆಗೆಯಿರಿ. ಸೆನ್ಸರ್ ಮೇಲಿನ ಧೂಳು, ಗೀರು, ಎಣ್ಣೆಯ ಚುಕ್ಕಿ ಎಲ್ಲವೂ ಕಪ್ಪಗೆ ಮೂಡುತ್ತವೆ. ಧೂಳನ್ನು ಒರೆಸಬಹುದು, ಗೀರು ಹೋಗದು. ಫ್ಲ್ಯಾಶ್ ಕೂರಿಸುವ ಜಾಗ, ಎರಡೂ ಕಾರ್ಡ್ ಸ್ಲಾಟು, ವಿಡಿಯೊ, ಪ್ರತಿ ಬಟನ್ನು ಒತ್ತಿ ನೋಡಿ. ಆಮೇಲೆ ಹಣ.

ಪಾರ್ಸೆಲ್ ಅನಿವಾರ್ಯವಾದರೆ ಬಿಚ್ಚುವ ಮೊದಲಿನಿಂದ ಕೊನೆಯವರೆಗೆ ತುಂಡಾಗದ ಒಂದೇ ವಿಡಿಯೊ ಮಾಡಿ, ಪಟ್ಟಿ, ವಿಳಾಸ, ತೂಕದ ಚೀಟಿ ಕಾಣುವಂತೆ. ಕಲ್ಲು, ಸೋಪು ತುಂಬಿ ಬಂದ ಪೆಟ್ಟಿಗೆಗಳ ದೂರಿನಲ್ಲಿ ಆ ವಿಡಿಯೊ ಬಿಟ್ಟರೆ ತೋರಿಸಲು ಬೇರೆ ಸಾಕ್ಷಿ ಇರುವುದಿಲ್ಲ. ಡೆಲಿವರಿ ಹೊತ್ತಿಗೆ ದುಡ್ಡು ಕೊಡುವ ಪದ್ಧತಿಯಲ್ಲೂ ಸಾಮಾನ್ಯವಾಗಿ ಹಣ ಕೊಟ್ಟ ಮೇಲೆಯೇ ಪೆಟ್ಟಿಗೆ ಬಿಚ್ಚಲು ಬಿಡುತ್ತಾರೆ ಎಂಬುದು ನೆನಪಿರಲಿ.

ಹಳೆಯದನ್ನು ಮಾರಿ ಹೊಸದು ಕೊಳ್ಳುವವರಿಗೂ ಒಂದು ಮಾತು. ‘ದುಡ್ಡು ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎಂದರೆ ನಿಮ್ಮ ಹಣ ಹೋಗುತ್ತದೆ. ಯುಪಿಐ ಪಿನ್ ಹಣ ಕೊಡಲು ಬೇಕು, ಪಡೆಯಲು ಎಂದೂ ಬೇಡ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ‘ಕಲೆಕ್ಟ್’ ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ, ಕ್ಯೂಆರ್ ಆಟ ಉಳಿದಿದೆ. ಸ್ಕ್ರೀನ್‌ಶಾಟ್ ತೋರಿಸಿ ಕ್ಯಾಮೆರಾ ಒಯ್ಯುವವರಿಗೆ, ಖಾತೆಗೆ ಹಣ ಬಿದ್ದದ್ದನ್ನು ಬ್ಯಾಂಕ್ ಆ್ಯಪ್‌ನಲ್ಲಿ ಕಾಣುವವರೆಗೆ ಅದನ್ನು ಕೊಡಬೇಡಿ.

ಮೋಸ ಆಗಿಯೇ ಹೋಯಿತು ಎಂದಾದರೆ ಆ ಗಂಟೆಯಲ್ಲೇ 1930ಕ್ಕೆ ಫೋನ್ ಮಾಡಿ, ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ದಾಖಲಿಸಿ. ಹಣ ಮೋಸಗಾರನ ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಎಟಿಎಂಗೆ ಓಡುವ ಮುಂಚೆ ಬ್ಯಾಂಕುಗಳು ಅದನ್ನು ತಡೆಹಿಡಿಯಲಿ ಎಂದೇ 2021ರಲ್ಲಿ ಈ ವ್ಯವಸ್ಥೆ ಮಾಡಿದ್ದು. ಯುಪಿಐ ವಹಿವಾಟಿನ 12 ಅಂಕಿಯ ಸಂಖ್ಯೆ, ಸಮಯ, ಎದುರಿನ ಖಾತೆ, ಫೋನ್ ನಂಬರ್ ಕೈಲಿರಲಿ, ನಾಚಿಕೆಯಿಂದ ಚಾಟ್ ಅಳಿಸಬೇಡಿ. ನಿಮಗೆ ಗೊತ್ತಿಲ್ಲದೆ ಹಣ ಕದ್ದರೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ರಿಸರ್ವ್ ಬ್ಯಾಂಕ್ ನಿಯಮದ ರಕ್ಷಣೆ ಇದೆ, ಆದರೆ ಪಿನ್ ಒತ್ತಿ ನೀವೇ ಕಳಿಸಿದ ಹಣಕ್ಕೆ ಅದು ಸಿಗುವುದು ಕಷ್ಟ. ಅದಕ್ಕೇ ಆ ಮೊದಲ ಗಂಟೆ ಮುಖ್ಯ. ಚಾಮರಾಜನಗರದ ಸೈಬರ್ ಅಪರಾಧಗಳ ಸಿಇಎನ್ ಠಾಣೆ ಇಂಥ ಪ್ರಕರಣಗಳಿಗೆಂದೇ ಇದೆ. ಅಷ್ಟು ದೂರ ಹೋಗಲಾಗದವರು ರಾಮಾಪುರ ಠಾಣೆಯಲ್ಲೇ ದೂರು ಕೊಡಬಹುದು. ಅಪರಾಧ ಎಲ್ಲಿ ನಡೆದರೂ ಯಾವ ಠಾಣೆಯಲ್ಲೂ ದೂರು ತೆಗೆದುಕೊಳ್ಳಬೇಕು ಎಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಸೆಕ್ಷನ್ ಹೇಳುತ್ತದೆ. ವೇಷ ಮರೆಸಿ ಕಂಪ್ಯೂಟರ್ ಅಥವಾ ಫೋನಿನ ಮೂಲಕ ವಂಚಿಸಿದವನಿಗೆ ಐಟಿ ಕಾಯ್ದೆಯ 66ಡಿ ಅಡಿಯಲ್ಲಿ ಮೂರು ವರ್ಷದವರೆಗೆ ಜೈಲಿದೆ. ದೂರು ಕೊಟ್ಟ ಮೇಲೆ ‘ನಿಮ್ಮ ಹಣ ವಾಪಸ್ ಕೊಡಿಸ್ತೀವಿ, ಮೊದಲು ಫೀಸ್ ಕಟ್ಟಿ’ ಎಂದು ಫೋನ್ ಮಾಡುವವರು ಎರಡನೇ ಸುತ್ತಿನ ಕಳ್ಳರು.

ವ್ಯಾಪಾರ ಸರಿಯಾಗಿ ಕುದುರಿದರೆ ಒಂದು ಹಾಳೆ ಬರೆಸಿಕೊಳ್ಳುವುದನ್ನು ಬಿಡಬೇಡಿ. ಮೊಬೈಲ್‌ಗೆ ಐಎಂಇಐ ಹಾಕಿ ಕಳವಿನದೋ ಅಲ್ಲವೋ ಎಂದು ತಿಳಿಯುವ ಸರ್ಕಾರಿ ವ್ಯವಸ್ಥೆ ಇದೆ, ಕ್ಯಾಮೆರಾಕ್ಕೆ ಅಂಥದ್ದಿಲ್ಲ. ಕದ್ದದ್ದೆಂದು ಗೊತ್ತಿದ್ದೂ, ಅಥವಾ ಗೊತ್ತಾಗುವ ಕಾರಣಗಳಿದ್ದೂ ಕೊಳ್ಳುವುದು ಅಪರಾಧ. ಗೊತ್ತಿಲ್ಲದೆ ಕೊಂಡಿದ್ದರೂ ಪೊಲೀಸರು ಕ್ಯಾಮೆರಾವನ್ನು ವಶಪಡಿಸಿಕೊಳ್ಳಬಹುದು. ಹಾಳೆಯಲ್ಲಿ ಇಷ್ಟಿರಲಿ: ಬಾಡಿ ಮತ್ತು ಲೆನ್ಸಿನ ಸೀರಿಯಲ್ ನಂಬರ್, ಬೆಲೆ, ತಾರೀಕು, ಮಾರಿದವರ ಹೆಸರು, ವಿಳಾಸ, ಫೋನು, ಸಹಿ, ಜೊತೆಗೆ ಬಂದವರಲ್ಲಿ ಇಬ್ಬರ ಸಾಕ್ಷಿ ಸಹಿ. ಮೂಲ ಬಿಲ್ ಇದ್ದರೆ ಅದನ್ನೂ ಈ ಹಾಳೆಗೆ ಪಿನ್ ಮಾಡಿ, ಎರಡರ ಫೋಟೊ ತೆಗೆದು ಮನೆಯವರೊಬ್ಬರ ಫೋನಿಗೂ ಕಳಿಸಿಡಿ.